ಮಾರ್ಕ್ಸ್ ಕಂಡ ನಮ್ಮ ಹಳ್ಳಿ, ಕಾಣದೆ ಹೋದ ನಮ್ಮ ಧರ್ಮ

(ಬೆಂಗಳೂರಿನ ಮಡಿವಾಳದಲ್ಲಿ ಕುಟುಂಬಗಳಿಗಾಗಿ ಏರ್ಪಡಿಸಲಾಗಿದ್ದ ಅಧ್ಯಯನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಇಂದಿನ ವಿಷಯವನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಕೆಲವು ತಿಂಗಳ ಹಿಂದೆ ವರ್ತಕರೊಬ್ಬರು ಮಗ್‌ರಿಬ್ ನಮಾಝಿನ ಬಳಿಕ ನನ್ನನ್ನು ಪಕ್ಕಕ್ಕೆ ಕರೆದು, "ಮಗ ಕಾಲೇಜಿನಲ್ಲಿ ಮಾರ್ಕ್ಸ್‌ನ ಪುಸ್ತಕ ಓದಲು ತೊಡಗಿದ್ದಾನೆ, ತಾವೊಮ್ಮೆ ಕೂರಿಸಿಕೊಂಡು ಬುದ್ಧಿ ಹೇಳಬೇಕು" ಎಂದರು. ನಮಾಝ್ ಬಿಟ್ಟಿದ್ದಾನೆಯೇ ಎಂದು ಕೇಳಿದೆ. ಇಲ್ಲ, ಜುಮಾ ತಪ್ಪಿಸಿಲ್ಲ ಎಂದರು. ಹಾಗಾದರೆ ತೊಂದರೆಯೇನು? ಅವರು ಸ್ವಲ್ಪ ತಡವರಿಸಿದರು. ಮಗ ಕೇಳಿದ್ದು ಇಷ್ಟೆ: "ಅಬ್ಬಾ, ರಮಝಾನಿನಲ್ಲಿ ನೀವು ಪೈಸೆ ಪೈಸೆ ಎಣಿಸಿ ಝಕಾತ್ ಕೊಡುತ್ತೀರಿ. ನಮ್ಮ ಅಂಗಡಿಯ ಹುಡುಗ ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ನಿಂತೇ ಇರುತ್ತಾನಲ್ಲ, ಆ ಗಂಟೆಗಳನ್ನು ಯಾರು ಎಣಿಸುತ್ತಾರೆ?"

ಬುದ್ಧಿ ಹೇಳಬೇಕಾದದ್ದು ಯಾರಿಗೆ ಎಂಬ ಗೊಂದಲ ಅಂದು ನನಗುಂಟಾಯಿತು. ಆ ಗೊಂದಲವನ್ನೇ ಇಂದು ತಮ್ಮ ಮುಂದೆ ಬಿಚ್ಚಿಡುತ್ತಿದ್ದೇನೆ. ಮಾರ್ಕ್ಸ್ ನಾಸ್ತಿಕ, ಆದ್ದರಿಂದ ಅವನ ಮಾತು ಕೇಳಬೇಕಾಗಿಲ್ಲ ಎಂಬುದು ನಮ್ಮಲ್ಲಿ ಹಲವರ ನಿಲುವು. ಧರ್ಮವೆಂದರೆ ಅಫೀಮು, ಆದ್ದರಿಂದ ಮುಸ್ಲಿಮರ ಮಾತು ಕೇಳಬೇಕಾಗಿಲ್ಲ ಎಂಬುದು ಕೆಲವು ಎಡಪಂಥೀಯ ಮಿತ್ರರ ನಿಲುವು. ಇಬ್ಬರೂ ಓದುವ ಶ್ರಮವನ್ನು ಉಳಿಸಿಕೊಂಡಿದ್ದಾರೆ, ಅಷ್ಟೆ.

ನಾವು ಕುಳಿತಿರುವ ಈ ಊರಿನ ಹೆಸರಿನಿಂದಲೇ ಆರಂಭಿಸೋಣ. ಮಡಿವಾಳ ಎಂಬ ಹೆಸರು ಈ ಸ್ಥಳಕ್ಕೆ ಹೇಗೆ ಬಂದಿತೆಂಬುದನ್ನು ಸಂಶೋಧಕರಿಗೆ ಬಿಡೋಣ. ಕನ್ನಡಿಗನ ಕಿವಿಗೆ ಅದು ಬಟ್ಟೆ ಒಗೆಯುವ ಕಾಯಕದವನ ಹೆಸರು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಶರಣರ ಸಾಲಿನಲ್ಲಿ ನಿಂತ ಮಡಿವಾಳ ಮಾಚಿದೇವನ ಹೆಸರು. 1867ರಲ್ಲಿ ಪ್ರಕಟವಾದ ಮಾರ್ಕ್ಸ್‌ನ 'ಬಂಡವಾಳ' ಗ್ರಂಥದ ಮೊದಲ ಸಂಪುಟದಲ್ಲಿ ಭಾರತದ ಹಳ್ಳಿಯೊಂದರ ವರ್ಣನೆ ಬರುತ್ತದೆ. ಗೌಡ, ಲೆಕ್ಕ ಬರೆಯುವವ, ಪಂಚಾಂಗ ಹೇಳುವವ, ಕಮ್ಮಾರ, ಬಡಗಿ, ಕುಂಬಾರ, ಕ್ಷೌರಿಕ, ಅಕ್ಕಸಾಲಿ ಇವರ ನಡುವೆ ಮಡಿವಾಳನೂ ಆ ಪಟ್ಟಿಯಲ್ಲಿದ್ದಾನೆ. ನಮ್ಮ ಹಿರಿಯರು ಹನ್ನೆರಡು ಆಯಗಾರರು ಎನ್ನುತ್ತಿದ್ದರಲ್ಲ, ಅದೇ ವ್ಯವಸ್ಥೆ. ಹಳ್ಳಿಯವರೆಲ್ಲ ಸೇರಿ ಇವರನ್ನು ಸಾಕುತ್ತಾರೆ, ಇವರು ಹಳ್ಳಿಗೆ ದುಡಿಯುತ್ತಾರೆ, ಹೊರಗಿನ ಮಾರುಕಟ್ಟೆಯ ಹಂಗಿಲ್ಲ, ಮೇಲೆ ರಾಜರು ಬದಲಾದರೂ ಕೆಳಗೆ ಏನೂ ಬದಲಾಗುವುದಿಲ್ಲ. ಏಷ್ಯಾದ ಸಮಾಜಗಳು ಏಕೆ ನಿಂತಲ್ಲೇ ನಿಂತಿವೆ ಎಂಬ ಒಗಟಿನ ಕೀಲಿಕೈ ಇಲ್ಲಿದೆ ಎಂಬುದು ಮಾರ್ಕ್ಸ್‌ನ ತೀರ್ಮಾನ.

ಲಂಡನ್ನಿನ ಗ್ರಂಥಾಲಯದಲ್ಲಿ ಕುಳಿತಿದ್ದ ಮಾರ್ಕ್ಸ್‌ಗೆ ಈ ಹಳ್ಳಿ ಕಂಡದ್ದು ಹೇಗೆ? ಅವನು ಭಾರತಕ್ಕೆ ಬಂದವನಲ್ಲ. ಅವನ ಅಡಿಟಿಪ್ಪಣಿಯಲ್ಲಿ ಒಂದು ಹೆಸರಿದೆ: ಕರ್ನಲ್ ಮಾರ್ಕ್ ವಿಲ್ಕ್ಸ್. ಕರ್ನಾಟಕದ ಇತಿಹಾಸ ಓದಿದವರಿಗೆ ಈ ಹೆಸರು ಅಪರಿಚಿತವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನ್ ಹುತಾತ್ಮನಾದ ಬಳಿಕ, 1803ರಿಂದ 1808ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನ ಹೊಣೆ ನಿರ್ವಹಿಸಿದವನು ಈತ. ಮೈಸೂರಿನ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದನು. ಮೊದಲನೆಯದು 1810ರಲ್ಲೂ ಉಳಿದೆರಡು 1817ರಲ್ಲೂ ಹೊರಬಂದವು. (ನಡುವೆ ಸೇಂಟ್ ಹೆಲೆನಾ ದ್ವೀಪದ ಗವರ್ನರನಾಗಿದ್ದಾಗ ಸೆರೆಯಾಳು ನೆಪೋಲಿಯನ್ನನನ್ನೂ ಬರಮಾಡಿಕೊಂಡನು. ಟಿಪ್ಪುವಿನ ರಾಜ್ಯದ ಮೇಲೆ ಕುಳಿತವನ ವಶಕ್ಕೇ ಟಿಪ್ಪುವಿನ ಮಿತ್ರನೂ ಬಂದುದು ಇತಿಹಾಸದ ವಿಚಿತ್ರ.)

ಟಿಪ್ಪುವನ್ನು ಮತಾಂಧ, ಕ್ರೂರಿ ಎಂದು ಚಿತ್ರಿಸಿದ ಬ್ರಿಟಿಷ್ ಲೇಖಕರ ಸಾಲಿನಲ್ಲಿ ವಿಲ್ಕ್ಸ್ ಮುಂಚೂಣಿಯವನು. ಗೆದ್ದವನು ಸೋತವನ ಕತೆಯನ್ನು ಬರೆದ ರೀತಿ ಅದು. ಇಂದಿಗೂ ಟಿಪ್ಪುವಿನ ಹೆಸರು ಬಂದಾಗಲೆಲ್ಲ ಏಳುವ ವಾಗ್ವಾದದಲ್ಲಿ ಆ ಪುಸ್ತಕದ ಛಾಯೆಯಿದೆ. ಅದೇ ಪುಸ್ತಕದ ಹಳ್ಳಿಯ ಚಿತ್ರ ಜಗತ್ತಿನ ಅತ್ಯಂತ ಪ್ರಭಾವಶಾಲಿ ಕ್ರಾಂತಿಕಾರಿ ಗ್ರಂಥದೊಳಗೂ ಪ್ರವೇಶ ಪಡೆಯಿತು. ಸಾಮ್ರಾಜ್ಯಶಾಹಿಯ ಕಡುವೈರಿಯೊಬ್ಬನು ಸಾಮ್ರಾಜ್ಯಶಾಹಿಯ ಅಧಿಕಾರಿಯ ಕಣ್ಣಿನಿಂದ ನಮ್ಮನ್ನು ನೋಡಿದನು. ಇದು ಮಾರ್ಕ್ಸ್‌ನನ್ನು ದೂಷಿಸಲು ಹೇಳುತ್ತಿರುವ ಮಾತಲ್ಲ. ಅವನಿಗೆ ದೊರಕಿದ್ದ ಸಾಮಗ್ರಿಯೇ ಅದಾಗಿತ್ತು. ಆದರೆ ಶತ್ರುವಿನ ಪುಸ್ತಕದಿಂದ ಮಿತ್ರನೂ ಪಾಠ ಕಲಿಯುವಾಗ ಏನಾಗುತ್ತದೆ ಎಂಬುದನ್ನು ನಮ್ಮ ಯುವಕರು ಗಮನಿಸಬೇಕು.

1853ರಲ್ಲಿ ನ್ಯೂಯಾರ್ಕಿನ 'ಟ್ರಿಬ್ಯೂನ್' ಪತ್ರಿಕೆಗೆ ಮಾರ್ಕ್ಸ್ ಭಾರತದ ಕುರಿತು ಬರೆದ ಲೇಖನಗಳು ಪ್ರಸಿದ್ಧ. ಬ್ರಿಟಿಷರು ನಮ್ಮ ಕೈಮಗ್ಗವನ್ನು ಮುರಿದದ್ದನ್ನೂ ನೀರಾವರಿಯನ್ನು ಕಡೆಗಣಿಸಿದ್ದನ್ನೂ ಅವನು ಅಲ್ಲಿ ಯಾವ ಮುಲಾಜೂ ಇಲ್ಲದೆ ಖಂಡಿಸಿದ್ದಾನೆ. ಆದರೆ ಅದೇ ಉಸಿರಿನಲ್ಲಿ, ಇಂಗ್ಲೆಂಡಿನ ಉದ್ದೇಶ ಎಷ್ಟೇ ನೀಚವಾಗಿದ್ದರೂ ಅದು ಏಷ್ಯಾದಲ್ಲಿ ಸಾಮಾಜಿಕ ಕ್ರಾಂತಿಗೆ ಇತಿಹಾಸದ ಅರಿವಿಲ್ಲದ ಉಪಕರಣವಾಯಿತು ಎಂಬ ಅರ್ಥದ ವಾದವನ್ನೂ ಮಂಡಿಸಿದನು. ರೈಲು ಬರುತ್ತದೆ, ಹಳ್ಳಿ ಒಡೆಯುತ್ತದೆ, ಜಾತಿ ಕರಗುತ್ತದೆ ಎಂದು ನಿರೀಕ್ಷಿಸಿದನು. ರೈಲು ಬಂದಿತು, ಹಳ್ಳಿಯೂ ಒಡೆಯಿತು. ಜಾತಿ ಮಾತ್ರ ಟಿಕೆಟ್ಟು ಪಡೆದು ಅದೇ ರೈಲಿನಲ್ಲಿ ಕುಳಿತಿತು. ಇದನ್ನು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಯಾವ ಮುಸ್ಲಿಮನಿಗೂ, ಯಾವ ದಲಿತನಿಗೂ ವಿವರಿಸಬೇಕಾಗಿಲ್ಲ.

ಈಗ ಭೂಮಿಯ ಪ್ರಶ್ನೆಗೆ ಬರೋಣ. ನಮಗೆ ನೇರವಾಗಿ ಸಂಬಂಧಿಸಿದ್ದು ಇಲ್ಲಿದೆ. ಮೊಗಲರ ಕಾಲದಲ್ಲಿ ಭಾರತದಲ್ಲಿ ಸಂಚರಿಸಿದ ಫ್ರೆಂಚ್ ವೈದ್ಯ ಬರ್ನಿಯೆಯ ಬರಹಗಳನ್ನು ಓದಿದ ಮಾರ್ಕ್ಸ್, ಪೂರ್ವ ದೇಶಗಳಲ್ಲಿ ಭೂಮಿಯ ಮೇಲೆ ಖಾಸಗಿ ಒಡೆತನವೇ ಇಲ್ಲ, ಎಲ್ಲವೂ ದೊರೆಯದು ಎಂದು 1853ರ ಜೂನ್ 2ರಂದು ಏಂಗೆಲ್ಸ್‌ಗೆ ಬರೆದನು. ಪೂರ್ವದ ಸ್ವರ್ಗಕ್ಕೂ ಇದೇ ಕೀಲಿಕೈ ಎಂಬುದು ಅವನ ಭಾವನೆ. ಹನ್ನೆರಡು ದಿನಗಳ ಬಳಿಕ, ಜೂನ್ 14ರಂದು ಬರೆದ ಇನ್ನೊಂದು ಪತ್ರದಲ್ಲಿ ಅವನಿಗೇ ಸಂದೇಹ ಉಂಟಾಗಿದೆ. ಇಂಗ್ಲಿಷ್ ಲೇಖಕರಲ್ಲಿ ಈ ಬಗ್ಗೆ ಒಮ್ಮತವಿಲ್ಲ, ಕೃಷ್ಣಾ ನದಿಯ ದಕ್ಷಿಣದ ಗುಡ್ಡಗಾಡಿನಲ್ಲಿ ಭೂಮಿಯ ಒಡೆತನ ಇದ್ದಂತೆ ಕಾಣುತ್ತದೆ ಎಂದು ಒಪ್ಪಿಕೊಳ್ಳುತ್ತಾನೆ. ಕೃಷ್ಣೆಯ ದಕ್ಷಿಣವೆಂದರೆ ನಮ್ಮ ನಾಡೇ ಅಲ್ಲವೇ? ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಕೂಡ, ಇಲ್ಲಿ ಭೂಮಿ ಖಾಸಗಿ ಆಸ್ತಿಯಾಗಿದೆ ಎಂದು 1800ರಲ್ಲೇ ವರದಿ ಮಾಡಿದ್ದನು. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿರುವ ಹಿರಿಯರಿಗೆ ವರ್ಗದಾರ, ಮೂಲಗೇಣಿ, ಚಾಲಗೇಣಿ ಎಂಬ ಪದಗಳು ಇನ್ನೂ ನೆನಪಿರಬಹುದು. ಒಡೆತನವೇ ಇಲ್ಲದ ಕಡೆ ಗೇಣಿಗೆ ಇಷ್ಟೊಂದು ಹೆಸರುಗಳು ಹೇಗೆ ಹುಟ್ಟುತ್ತವೆ?

ಆದರೆ ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಭೂಮಿಗೆ ಒಡೆಯರಿಲ್ಲ ಎಂಬ ತತ್ವವನ್ನು ಏಷ್ಯಾದಾದ್ಯಂತ ಮೊದಲು ಸ್ಥಾಪಿಸಿದವರು ಮುಸ್ಲಿಮರೆಂದು ತೋರುತ್ತದೆ ಎಂಬುದು ಮಾರ್ಕ್ಸ್‌ನ ಊಹೆ. ಈ ಊಹೆ ತಪ್ಪೆಂದು ತಿಳಿಯಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಮದ್ರಸದ ಮಕ್ಕಳೂ ಉತ್ತರ ಹೇಳಬಲ್ಲರು. ಸೂರಃ ಅನ್ನಿಸಾದಲ್ಲಿ ವಾರೀಸು ಹಕ್ಕಿನ ಪಾಲುಗಳನ್ನು ಭಿನ್ನರಾಶಿಯ ಮಟ್ಟಿಗೆ ನಿಗದಿಪಡಿಸಲಾಗಿದೆ. ಮಗಳಿಗೆ ಇಷ್ಟು, ತಾಯಿಗೆ ಇಷ್ಟು, ಪತ್ನಿಗೆ ಇಷ್ಟು. ಒಡೆತನವಿಲ್ಲದಿದ್ದರೆ ಪಾಲು ಮಾಡುವುದು ಯಾವುದನ್ನು? ವಕ್ಫ್ ಎಂಬ ವ್ಯವಸ್ಥೆಯನ್ನೇ ನೋಡಿ. ತನ್ನದಲ್ಲದ್ದನ್ನು ಯಾರೂ ವಕ್ಫ್ ಮಾಡಲಾಗದು ಎಂಬುದು ಫಿಕ್‌ಹ್‌ನ ಮೊದಲ ಪಾಠ. ಎಂಟನೇ ಶತಮಾನದಲ್ಲಿ ಖಲೀಫಾ ಹಾರೂನ್ ರಶೀದರ ಕೋರಿಕೆಯಂತೆ ಇಮಾಮ್ ಅಬೂ ಯೂಸುಫ್‌ರು ರಚಿಸಿದ 'ಕಿತಾಬುಲ್ ಖರಾಜ್' ಗ್ರಂಥದ ಚರ್ಚೆಯೇ ಭೂಮಿ, ತೆರಿಗೆ ಮತ್ತು ಹಿಡುವಳಿದಾರನ ಹಕ್ಕಿನ ಕುರಿತಾದುದು. ಬರ್ನಿಯೆ ಕಂಡದ್ದು ಜಾಗೀರುದಾರರ ದೌರ್ಜನ್ಯವನ್ನು. ದೌರ್ಜನ್ಯ ನಿಜವಾಗಿರಬಹುದು. ಆದರೆ ಕಾನೂನನ್ನು ಮುರಿದವರನ್ನು ನೋಡಿ ಕಾನೂನೇ ಇಲ್ಲವೆಂದು ಬರೆಯುವುದು ಸರಿಯಲ್ಲ.

ಕುತೂಹಲದ ಸಂಗತಿಯೆಂದರೆ ಮಾರ್ಕ್ಸ್‌ನ ಈ ತಪ್ಪನ್ನು ತಿದ್ದಿದವರಲ್ಲಿ ಮಾರ್ಕ್ಸ್‌ವಾದಿಗಳೇ ಪ್ರಮುಖರು. ಅಲಿಗಢದ ಇರ್ಫಾನ್ ಹಬೀಬರು 1963ರಲ್ಲಿ ಪ್ರಕಟಿಸಿದ ಮೊಗಲ್ ಕಾಲದ ಕೃಷಿ ವ್ಯವಸ್ಥೆಯ ಅಧ್ಯಯನ, ಆ ಕಾಲದ ಫಾರ್ಸಿ ದಾಖಲೆಗಳನ್ನು ಮುಂದಿಟ್ಟು, ಭೂಮಿಯ ಮೇಲಿನ ಜಮೀನ್ದಾರಿ ಹಕ್ಕುಗಳು ಮಾರಾಟವಾಗುತ್ತಿದ್ದುದನ್ನೂ ರೈತರು ದಂಗೆಯೆದ್ದುದನ್ನೂ ತೋರಿಸಿತು. 1999ರಲ್ಲಿ, ಟಿಪ್ಪುವಿನ ಮರಣದ ಇನ್ನೂರನೇ ವರ್ಷದಲ್ಲಿ, ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆಯ ಪ್ರತಿರೋಧ ಹಾಗೂ ಆಧುನಿಕತೆಯ ಕುರಿತ ಪ್ರಬಂಧ ಸಂಗ್ರಹವನ್ನು ಸಂಪಾದಿಸಿದವರೂ ಅವರೇ. ಗುರುವಿನ ತಪ್ಪನ್ನು ಗುರುವಿನ ವಿಧಾನದಿಂದಲೇ ತಿದ್ದುವ ಈ ಪ್ರಾಮಾಣಿಕತೆಯನ್ನು ನಾವು ಗೌರವಿಸಬೇಕು. ನಮ್ಮ ನಮ್ಮ ಪಂಗಡಗಳಲ್ಲಿ ಅದೆಷ್ಟು ವಿರಳವಾಗಿದೆ ಎಂಬುದು ತಮಗೆ ಗೊತ್ತೇ ಇದೆ.

ನಿಂತ ನೀರಿನಂತಿದ್ದ ಏಷ್ಯಾ ಎಂಬ ಮಾತಿಗೆ ಉತ್ತರವಾಗಿ ದೂರದ ದಾಖಲೆಗಳು ಬೇಡ, ಹೊಸೂರು ರಸ್ತೆಗೆ ಹೋಗಿ ನಿಂತರೆ ಸಾಕು. ದಿನವೂ ನಾವು ವಾಹನದೊಳಗೆ ಕುಳಿತು ಬೆವರುವ ಸಿಲ್ಕ್ ಬೋರ್ಡ್ ವೃತ್ತಕ್ಕೆ ಆ ಹೆಸರು ಬಂದದ್ದು ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿಂದ. ಆ ಮಂಡಳಿಯ ಕಚೇರಿ ಬೆಂಗಳೂರಿನಲ್ಲಿ ಏಕಿದೆ? ಮೈಸೂರು ಸೀಮೆ ರೇಷ್ಮೆಯ ನಾಡಾದುದರಿಂದ. ಮೈಸೂರು ಸೀಮೆಗೆ ರೇಷ್ಮೆ ಬಂದದ್ದು ಹೇಗೆ? ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ, ಹಿಪ್ಪುನೇರಳೆ ಬೆಳೆಸಿ, ಸಾಕಣೆಗೆ ರಾಜ್ಯದ ಬೆಂಬಲ ನೀಡಿದ್ದರಿಂದ. ಮಸ್ಕತ್ತಿನಲ್ಲಿ ಅವನದೇ ವ್ಯಾಪಾರ ಕೋಠಿಯಿತ್ತು. ಅವನು ಮಡಿದ ಮರುವರ್ಷವೇ, 1800ರಲ್ಲಿ, ಈ ಸೀಮೆಯ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ ಬೆಂಗಳೂರು ಪೇಟೆಯ ನೇಕಾರರು, ಬಣ್ಣಗಾರರು, ವರ್ತಕರ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ. ಟಿಪ್ಪುವಿನ ಎಲ್ಲ ಕ್ರಮಗಳನ್ನೂ ಸಮರ್ಥಿಸಬೇಕೆಂದು ನಾನು ಹೇಳುತ್ತಿಲ್ಲ. ಅವನೊಬ್ಬ ದೊರೆ, ಪ್ರವಾದಿಯಲ್ಲ. ಆದರೆ ಅವನ ರಾಜ್ಯ ನಿದ್ರಿಸುತ್ತಿದ್ದ ರಾಜ್ಯವಾಗಿರಲಿಲ್ಲ. ಎಚ್ಚರವಿದ್ದುದನ್ನು ಮಲಗಿಸಿದವರೇ ಬಳಿಕ ಅದು ಮಲಗಿತ್ತು ಎಂದು ಬರೆದರು.

ಮಾರ್ಕ್ಸ್‌ನ ವಿಷಯದಲ್ಲಿ ನ್ಯಾಯ ಪಾಲಿಸಬೇಕಾದರೆ ಅವನು 1853ಕ್ಕೇ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. 1857ರ ಮಹಾ ದಂಗೆಯ ಸಮಯದಲ್ಲಿ ಇಂಗ್ಲಿಷ್ ಪತ್ರಿಕೆಗಳು ಸಿಪಾಯಿಗಳ ಕ್ರೌರ್ಯವನ್ನೇ ಬಣ್ಣಿಸುತ್ತಿದ್ದಾಗ, ಅದು ಭಾರತದಲ್ಲಿ ಇಂಗ್ಲೆಂಡ್ ನಡೆದುಕೊಂಡ ರೀತಿಯದೇ ಪ್ರತಿಬಿಂಬ ಎಂದು ಬರೆಯುವ ಧೈರ್ಯ ಅವನಿಗಿತ್ತು. ಮದ್ರಾಸ್ ಪ್ರಾಂತದಲ್ಲಿ ಕಂದಾಯ ವಸೂಲಿಗಾಗಿ ರೈತರಿಗೆ ನೀಡುತ್ತಿದ್ದ ಚಿತ್ರಹಿಂಸೆಯ ಸರಕಾರಿ ತನಿಖೆಯನ್ನು ಅವನು ಓದುಗರ ಮುಂದಿಟ್ಟನು. ನಮ್ಮ ಬಳ್ಳಾರಿ ಹಾಗೂ ಕರಾವಳಿ ಆಗ ಅದೇ ಪ್ರಾಂತದಲ್ಲಿದ್ದವು. ತನ್ನ ಸಿದ್ಧಾಂತದ ಅನಿವಾರ್ಯತೆ ಪಶ್ಚಿಮ ಯುರೋಪಿಗೆ ಮಾತ್ರ ಸೀಮಿತ ಎಂದು 1881ರಲ್ಲಿ ರಶ್ಯಾದ ವೆರಾ ಝಾಸುಲಿಚ್‌ಗೆ ಬರೆದ ಪತ್ರದಲ್ಲಿ ಸ್ಪಷ್ಟಪಡಿಸಿದನು. ಎಲ್ಲ ಸಮಾಜಗಳೂ ಇಂಗ್ಲೆಂಡಿನ ದಾರಿಯಲ್ಲೇ ನಡೆಯಬೇಕು ಎಂದು ಅವನ ಹೆಸರಿನಲ್ಲಿ ವಾದಿಸಿದವರು ಈ ಪತ್ರವನ್ನು ಓದಿಲ್ಲ, ಅಥವಾ ಓದಿ ಮರೆತಿದ್ದಾರೆ.

ಅವನ ಬದುಕಿನ ಕೊನೆಯ ಅಧ್ಯಾಯದಲ್ಲಿ ಮುಸ್ಲಿಮ್ ಸಮಾಜದೊಂದಿಗೆ ಒಂದು ನೇರ ಭೇಟಿಯಿದೆ. ಇದು ಹೆಚ್ಚಿನವರಿಗೆ ತಿಳಿದಿಲ್ಲ. 1882ರ ಫೆಬ್ರವರಿಯಲ್ಲಿ, ಪತ್ನಿಯನ್ನು ಕಳೆದುಕೊಂಡು, ಶ್ವಾಸದ ಕಾಯಿಲೆಯಿಂದ ಬಳಲುತ್ತಿದ್ದ ಮಾರ್ಕ್ಸ್ ಹವೆ ಬದಲಾವಣೆಗಾಗಿ ಅಲ್ಜಿಯರ್ಸ್‌ಗೆ ಹೋದನು. ಯುರೋಪಿನಿಂದಾಚೆ ಅವನು ಕಾಲಿಟ್ಟದ್ದು ಇದೊಂದೇ ಸಲ. ಅಲ್ಲಿಂದ ಮಗಳು ಲಾರಾಳಿಗೆ ಬರೆದ ಪತ್ರದಲ್ಲಿ, ಕಾಫಿ ಅಂಗಡಿಯಲ್ಲಿ ಕಂಡ ಮುಸ್ಲಿಮರನ್ನು ವರ್ಣಿಸುತ್ತಾನೆ. ಒಬ್ಬ ಬೆಲೆಬಾಳುವ ಉಡುಪು ತೊಟ್ಟಿದ್ದಾನೆ, ಇನ್ನೊಬ್ಬನ ಬಟ್ಟೆ ಚಿಂದಿಯಾಗಿದೆ. ಆದರೂ ಅವರ ಪರಸ್ಪರ ವರ್ತನೆಯಲ್ಲಿ ಮೇಲು ಕೀಳಿನ ಸುಳಿವಿಲ್ಲ. ಹಣವಾಗಲಿ ದಾರಿದ್ರ್ಯವಾಗಲಿ ಮುಹಮ್ಮದರ(ಸ) ಅನುಯಾಯಿಗಳ ಸಮಾನತೆಗೆ ಅಡ್ಡಿಯಾಗಿಲ್ಲ ಎಂದು ಅಚ್ಚರಿಪಡುತ್ತಾನೆ. ಯಾರ ಅಧೀನತೆಯನ್ನೂ ಇವರು ಮನಸಾರೆ ಒಪ್ಪುವುದಿಲ್ಲ ಎಂದೂ ಹೇಳುತ್ತಾನೆ. ಆದರೆ ಕ್ರಾಂತಿಕಾರಿ ಚಳವಳಿಯೊಂದು ಇಲ್ಲದೆ ಹೋದರೆ ಇವರು ಹಾಳಾಗುವರು ಎಂಬ ಎಚ್ಚರಿಕೆಯೂ ಅದರೊಂದಿಗಿದೆ. (ಅಲ್ಜಿಯರ್ಸ್‌ನ ಬಿಸಿಲಿಗೆ ಅವನು ತನ್ನ ಪ್ರಖ್ಯಾತ ಗಡ್ಡವನ್ನೂ ತೆಗೆಸಿದನು. ನಮ್ಮವರ ನಡುವೆ ಬಂದು ಗಡ್ಡ ಕಳೆದುಕೊಂಡವನು ಅವನೊಬ್ಬನೇ ಇರಬೇಕು!)

ಆ ಕಾಫಿ ಅಂಗಡಿಯ ಸಮಾನತೆ ಎಲ್ಲಿಂದ ಬಂದಿತು ಎಂದು ಮಾರ್ಕ್ಸ್ ತನ್ನನ್ನು ಕೇಳಿಕೊಂಡಿದ್ದರೆ ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ಅದು ಉತ್ಪಾದನಾ ಸಂಬಂಧಗಳಿಂದ ಹುಟ್ಟಿದ್ದಲ್ಲ. ಅಲ್ಲಿ ಸಿರಿವಂತನಿದ್ದ, ಬಡವನಿದ್ದ, ಮೇಲೆ ಫ್ರೆಂಚ್ ವಸಾಹತುಶಾಹಿಯಿತ್ತು. ದಿನಕ್ಕೆ ಐದು ಬಾರಿ ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ಅಭ್ಯಾಸದಿಂದ ಬಂದ ನಡೆ ಅದು. ಮಾರ್ಕ್ಸ್ ಫಲವನ್ನು ಕಂಡನು, ಬೇರನ್ನು ಕಾಣಲಿಲ್ಲ.

ಇನ್ನು ಅಫೀಮಿನ ಮಾತು. 1844ರಲ್ಲಿ ಪ್ರಕಟವಾದ, ಹೆಗೆಲ್‌ನ ಕುರಿತ ವಿಮರ್ಶೆಯ ಪ್ರಸ್ತಾವನೆಯಲ್ಲಿ ಆ ವಾಕ್ಯವಿದೆ. ಅದಕ್ಕೆ ಮುಂಚಿನ ವಾಕ್ಯಗಳನ್ನು ಯಾರೂ ಉದ್ಧರಿಸುವುದಿಲ್ಲ. ಧರ್ಮವು ತುಳಿತಕ್ಕೊಳಗಾದವನ ನಿಟ್ಟುಸಿರು, ನೋವಿನ ಅಭಿವ್ಯಕ್ತಿ ಮತ್ತು ಅದೇ ಹೊತ್ತಿಗೆ ಆ ನೋವಿನ ವಿರುದ್ಧದ ಪ್ರತಿಭಟನೆ ಎಂಬ ಅರ್ಥ ಅಲ್ಲಿ ಬರುತ್ತದೆ. ಆ ಕಾಲದಲ್ಲಿ ಅಫೀಮು ಔಷಧದ ಅಂಗಡಿಯಲ್ಲಿ ಸಿಗುತ್ತಿದ್ದ ನೋವುನಿವಾರಕವೂ ಆಗಿತ್ತು. ಆದ್ದರಿಂದ ಅದು ಬರೀ ಬೈಗುಳವಲ್ಲ. ಹಾಗೆಂದು ನಮಗೆ ಸಮ್ಮತವೂ ಅಲ್ಲ. ನೋವಿಲ್ಲದ ಸಮಾಜ ಬಂದರೆ ಔಷಧ ಬೇಡವಾಗುತ್ತದೆ, ಧರ್ಮ ತಾನಾಗಿ ಉದುರುತ್ತದೆ ಎಂಬುದು ಅವನ ಲೆಕ್ಕ. ಮನುಷ್ಯನು ಹೊಟ್ಟೆ ತುಂಬಿದ ಮೇಲೂ ಸಾಯುತ್ತಾನೆ. ಸಾವಿನ ಮುಂದೆ ನಿಂತು ತಾನು ಯಾರಿಗೆ ಉತ್ತರದಾಯಿ ಎಂದು ಕೇಳುತ್ತಾನೆ. ಆ ಪ್ರಶ್ನೆ ಹಸಿವಿನಿಂದ ಹುಟ್ಟಿದ್ದಲ್ಲ, ಆದ್ದರಿಂದ ಅನ್ನದಿಂದ ತೀರುವುದಿಲ್ಲ. ಪರಲೋಕದ ವಿಶ್ವಾಸ ನಮಗೆ ನಿದ್ರೆಯ ಗುಳಿಗೆಯಾಗಿ ಬಂದಿಲ್ಲ, ಲೆಕ್ಕಪತ್ರದ ಎಚ್ಚರಿಕೆಯಾಗಿ ಬಂದಿದೆ. ಅಳತೆಯಲ್ಲಿ ವಂಚಿಸುವವನಿಗೆ ಕುರ್‌ಆನ್ ಒಂದು ಇಡೀ ಅಧ್ಯಾಯದಲ್ಲಿ ಎಚ್ಚರಿಕೆ ನೀಡಿದೆ. ಅನಾಥನನ್ನು ತಳ್ಳುವವನನ್ನೇ ಸೂರಃ ಅಲ್‌ಮಾಊನ್ ಧರ್ಮವನ್ನು ಸುಳ್ಳಾಗಿಸುವವನೆಂದು ಗುರುತಿಸುತ್ತದೆ. ಸಂಪತ್ತು ಸಿರಿವಂತರ ನಡುವೆಯೇ ಸುತ್ತಬಾರದೆಂಬ ಆದೇಶ ಸೂರಃ ಅಲ್‌ಹಶ್ರ್‌ನ 7ನೇ ವಚನದಲ್ಲಿದೆ. ಇದು ಅಫೀಮಾದರೆ ಎಚ್ಚರವೆಂಬುದು ಯಾವುದು?

ಆದರೆ, ಸಹೋದರರೇ, ನಾವು ಅದನ್ನು ಅಫೀಮಿನಂತೆ ಬಳಸಿಲ್ಲವೇ? ಬಡವನಿಗೆ ಸಬ್ರ್, ಸಿರಿವಂತನಿಗೆ ಉಮ್ರಾ ಎಂದು ಹಂಚಿಕೊಟ್ಟವರು ನಾವೇ ಅಲ್ಲವೇ?

ಮಾರ್ಕ್ಸ್‌ವಾದವನ್ನು ಅಪ್ಪಿದ ಮುಸ್ಲಿಮರೂ ಇದ್ದರು, ಅದರಿಂದ ಪೆಟ್ಟು ತಿಂದವರೂ ಇದ್ದರು. ಎರಡನ್ನೂ ಮರೆಯಬಾರದು. 1920ರ ಅಕ್ಟೋಬರಿನಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ರೂಪುಗೊಂಡಾಗ ಅದಕ್ಕೆ ಸೇರಿದವರಲ್ಲಿ ಖಿಲಾಫತ್ ಕಾಲದ ಹಿಜ್ರತ್‌ಗೆ ಹೊರಟ ಯುವಕರಿದ್ದರು. ಅದರ ಕಾರ್ಯದರ್ಶಿ ಮುಹಮ್ಮದ್ ಶಫೀಕ್. 1925ರ ಕಾನ್ಪುರ ಕಮ್ಯುನಿಸ್ಟ್ ಸಮ್ಮೇಳನದ ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದವರು ಮೌಲಾನಾ ಹಸ್ರತ್ ಮೊಹಾನಿ. ಹಲವು ಬಾರಿ ಹಜ್ಜ್ ನಿರ್ವಹಿಸಿದ, ಕೃಷ್ಣನ ಮೇಲೂ ಕವಿತೆ ಕಟ್ಟಿದ ಆ ಮಹಾನುಭಾವರು ತಮ್ಮನ್ನು ಮುಸ್ಲಿಮ್ ಕಮ್ಯುನಿಸ್ಟ್ ಎಂದು ಕರೆದುಕೊಳ್ಳಲು ಹಿಂಜರಿಯಲಿಲ್ಲ. ಇನ್ನೊಂದೆಡೆ, 1917ರಲ್ಲಿ ರಶ್ಯಾದ ಹೊಸ ಸರಕಾರ ಮುಸ್ಲಿಮರ ವಿಶ್ವಾಸ ಮತ್ತು ಆಚಾರಗಳಿಗೆ ಧಕ್ಕೆಯಿಲ್ಲ ಎಂದು ಘೋಷಿಸಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಮಧ್ಯ ಏಷ್ಯಾದಲ್ಲಿ ಬುರ್ಖಾ ಕಳಚಿಸುವ ಅಭಿಯಾನ ನಡೆಯಿತು, ಮಸೀದಿಗಳಿಗೆ ಬೀಗ ಬಿದ್ದಿತು. ಮುಸ್ಲಿಮ್ ದೇಶಗಳ ಕ್ರಾಂತಿ ತನ್ನದೇ ದಾರಿ ಹಿಡಿಯಬೇಕೆಂದ ತಾತಾರ್ ಕಮ್ಯುನಿಸ್ಟ್ ಸುಲ್ತಾನ್ ಗಲಿಯೇವ್‌ನನ್ನು 1923ರಲ್ಲಿ ಬಂಧಿಸಿ, 1940ರಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. 1944ರಲ್ಲಿ ಚೆಚೆನ್ನರನ್ನೂ ಕ್ರಿಮಿಯಾದ ತಾತಾರರನ್ನೂ ಇಡೀ ಜನಾಂಗವಾಗಿ ಗಡೀಪಾರು ಮಾಡಲಾಯಿತು. ಚೀನಾದ ಸಿಂಕಿಯಾಂಗ್‌ನಲ್ಲಿ 2017ರಿಂದ ಉಯಿಘರರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದು ಮಾರ್ಕ್ಸ್‌ನ ಭಾವಚಿತ್ರ ತೂಗುಹಾಕಿದ ಸರಕಾರವೇ. ಇಲ್ಲಿನ ಎಡಪಂಥೀಯರು ಇದನ್ನು ಅಮೆರಿಕದ ಅಪಪ್ರಚಾರ ಎಂದು ತಳ್ಳಿಹಾಕುವಾಗ ನನಗೆ ನೋವಾಗುತ್ತದೆ. ಗುಜರಾತಿನಲ್ಲಿ ನಮ್ಮ ಜೊತೆ ನಿಂತವರು ಕಾಶ್ಗರ್‌ನಲ್ಲಿ ಏಕೆ ಕಣ್ಣು ಮುಚ್ಚಬೇಕು?

ನಮ್ಮದೇ ಭಾಷೆಯ ನೆನಪಿನಲ್ಲಿ ಇದಕ್ಕಿಂತ ಭಿನ್ನವಾದ ಒಂದು ಅಧ್ಯಾಯವಿದೆ. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕಿನ ಕಯ್ಯೂರು ಎಂಬ ಹಳ್ಳಿ. ಜನ್ಮಿಗಳ ಸುಲಿಗೆಯ ವಿರುದ್ಧ ಗೇಣಿದಾರರು ರೈತ ಸಂಘ ಕಟ್ಟಿದ್ದರು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬನು ಹೊಳೆಯಲ್ಲಿ ಮುಳುಗಿ ಸತ್ತನು. ಮೊಕದ್ದಮೆ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು: ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡವರ ಕುಂಞಂಬು ನಾಯರ್ ಮತ್ತು ಪಳ್ಳಿಕ್ಕಲ್ ಅಬೂಬಕ್ಕರ್. ನಿರಂಜನರು ತಮ್ಮ 'ಚಿರಸ್ಮರಣೆ' ಕಾದಂಬರಿಯಿಂದ ಇವರನ್ನು ಕನ್ನಡಿಗರ ಮನೆಮನೆಗೆ ತಂದರು. ಅಬೂಬಕ್ಕರ್ ಎಂಬ ಹೆಸರನ್ನು ನಮ್ಮ ಎಷ್ಟು ಮಕ್ಕಳು ಕೇಳಿದ್ದಾರೆ? ಅವನು ಆ ಸಂಘಕ್ಕೆ ಸೇರುವಾಗ ಮಾರ್ಕ್ಸ್‌ನ ಯಾವ ಗ್ರಂಥವನ್ನೂ ಓದಿದವನಾಗಿರಲಾರನು. ಗೇಣಿಯ ಮೇಲೆ ಗೇಣಿ ಕಸಿಯುವುದು ಅನ್ಯಾಯವೆಂದು ತಿಳಿಯಲು ಗ್ರಂಥ ಬೇಕೂ ಇಲ್ಲ. ಅನ್ಯಾಯದ ಮುಂದೆ ಅಪ್ಪು, ಚಿರುಕಂಡನ್, ಕುಂಞಂಬುಗಳ ಪಕ್ಕದಲ್ಲಿ ನಿಲ್ಲಲು ಅವನಿಗೆ ತನ್ನ ಹೆಸರು ಅಡ್ಡಿಯಾಗಲಿಲ್ಲ. ಅವರಿಗೂ ಅವನ ಹೆಸರು ಅಡ್ಡಿಯಾಗಲಿಲ್ಲ. ಮುಂದೆ 1974ರಲ್ಲಿ ದೇವರಾಜ ಅರಸರ ಸರಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಗೇಣಿದಾರನಿಗೆ ಭೂಮಿ ಕೊಡಿಸಿದಾಗ, ಕರಾವಳಿಯ ಅನೇಕ ಬ್ಯಾರಿ ಕುಟುಂಬಗಳೂ ಗೇಣಿ ಚೀಟಿ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ಸಾಲುನಿಂತವು. ಆ ಕಾಯ್ದೆಯ ಹಿಂದೆ ಎಷ್ಟೋ ಹಳ್ಳಿಗಳ ಹೋರಾಟವಿದೆ; ಅದನ್ನು ನಾವು ಸರಕಾರದ ಉಡುಗೊರೆಯೆಂದು ತಿಳಿದಿದ್ದೇವೆ.

ಈಗ ಮತ್ತೆ ಹೊಸೂರು ರಸ್ತೆಗೆ. 2016ರ ಏಪ್ರಿಲ್ 18 ಮತ್ತು 19ರಂದು ಈ ರಸ್ತೆಯಲ್ಲಿ ಏನಾಯಿತೆಂಬುದು ಇಲ್ಲಿರುವ ಹಲವರಿಗೆ ನೆನಪಿದೆ. ಭವಿಷ್ಯ ನಿಧಿಯ ಹಣವನ್ನು ಹಿಂಪಡೆಯಲು ಕೇಂದ್ರ ಸರಕಾರ ತಂದ ಹೊಸ ನಿರ್ಬಂಧದ ವಿರುದ್ಧ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದರು. ಸಾವಿರಾರು ಮಂದಿ, ಹೆಚ್ಚಿನವರು ಹೆಣ್ಣುಮಕ್ಕಳು. ಕರೆ ಕೊಟ್ಟ ನಾಯಕರಿರಲಿಲ್ಲ, ಪಕ್ಷದ ಬಾವುಟವಿರಲಿಲ್ಲ. ಎರಡನೇ ದಿನ ಸಂಜೆಯೊಳಗೆ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಅಂದು ರಸ್ತೆ ತಡೆಯಲ್ಲಿ ಸಿಲುಕಿದ ನಾವು ಶಪಿಸುತ್ತಾ ಮನೆಗೆ ಬಂದೆವು. ಆ ಹೆಣ್ಣುಮಕ್ಕಳಲ್ಲಿ ನಮ್ಮ ಸಮುದಾಯದವರೂ ಇದ್ದರು. ಅವರ ಮೊಹಲ್ಲಾಗಳ ಮಿಂಬರ್‌ಗಳಿಂದ ಆ ಶುಕ್ರವಾರ ಅವರ ಕೂಲಿಯ ಬಗ್ಗೆ ಒಂದು ಮಾತಾದರೂ ಬಂದಿತೇ? ನಾನು ಕೇಳಿದ ಖುತ್ಬಾದಲ್ಲಿ ಬರಲಿಲ್ಲ.

ರೇಷ್ಮೆಯ ಮಾತು ಅರ್ಧಕ್ಕೇ ನಿಂತಿತು, ಅದನ್ನು ಮುಗಿಸುತ್ತೇನೆ. ಟಿಪ್ಪು ತಂದ ರೇಷ್ಮೆಯ ಬಗ್ಗೆ ನಾವು ವೇದಿಕೆಗಳಲ್ಲಿ ಹೆಮ್ಮೆಪಡುತ್ತೇವೆ. ರಾಮನಗರ, ಶಿಡ್ಲಘಟ್ಟಗಳ ನೂಲು ಬಿಚ್ಚಾಣಿಕೆಯ ಘಟಕಗಳ ಮಾಲಕರಲ್ಲೂ ಕೂಲಿಗಳಲ್ಲೂ ನಮ್ಮವರು ಗಣನೀಯವಾಗಿದ್ದಾರೆ. ಕುದಿನೀರಿನ ತೊಟ್ಟಿಯಲ್ಲಿ ಗೂಡು ಬೇಯಿಸಿ ಬರಿಗೈಯಿಂದ ಎಳೆ ಹುಡುಕುವ ಕೆಲಸವದು. ಬೆರಳ ಚರ್ಮ ಸುಲಿದು ಬರುತ್ತದೆ, ಸತ್ತ ಹುಳುವಿನ ವಾಸನೆ ಮೈಬಿಟ್ಟು ಹೋಗುವುದಿಲ್ಲ. ಮುಂಗಡ ಸಾಲಕ್ಕೆ ಒತ್ತೆಯಾಗಿ ಮಕ್ಕಳು ಭಾರತದ ರೇಷ್ಮೆ ಉದ್ಯಮದಲ್ಲಿ ದುಡಿಯುತ್ತಿರುವುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ವರದಿಯಲ್ಲಿ ದಾಖಲಿಸಿದಾಗ ಅದರಲ್ಲಿ ಕರ್ನಾಟಕವೂ ಇತ್ತು. ಮಾಲಕನೂ ಅಬ್ದುಲ್ಲಾ, ಕೂಲಿಯೂ ಅಬ್ದುಲ್ಲಾ ಆಗಿರುವ ಕಡೆ ಸಮುದಾಯದ ಹಿತ ಎಂದರೆ ಯಾರ ಹಿತ? ಈ ಪ್ರಶ್ನೆಯನ್ನು ನಮ್ಮ ಸಮುದಾಯ ಸಂಘಟನೆಗಳು ಎಂದೂ ಕೇಳಿಕೊಂಡಿಲ್ಲ. ಕೇಳಿದರೆ ಒಡಕು ಮೂಡುವುದೆಂಬ ಭಯ. ಒಡಕು ಈಗಾಗಲೇ ಇದೆ, ನಾವು ಅದರ ಮೇಲೆ ಜಮಖಾನ ಹಾಸಿದ್ದೇವೆ. ಈ ಪ್ರಶ್ನೆಯನ್ನು ಕೇಳಲು ಕಲಿಸಿದ್ದಕ್ಕಾಗಿ ಮಾರ್ಕ್ಸ್‌ಗೆ ಕೃತಜ್ಞತೆ ಹೇಳುವುದರಲ್ಲಿ ನನಗೆ ಸಂಕೋಚವಿಲ್ಲ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದರು. ನಾವು ಮರೆತದ್ದನ್ನು ಪರರು ನೆನಪಿಸಬೇಕಾಗಿ ಬಂದುದು ನಮ್ಮ ಲಜ್ಜೆ.

ಝಕಾತ್ ಕೊಟ್ಟ ಮಾತ್ರಕ್ಕೆ ಕೂಲಿಯ ಬಾಕಿ ತೀರುವುದಿಲ್ಲ. ಝಕಾತ್ ಅಲ್ಲಾಹನು ನಿಗದಿಪಡಿಸಿದ ಬಡವರ ಹಕ್ಕು. ಕೂಲಿ ಆ ಕೂಲಿಯವನದೇ ಹಕ್ಕು, ನಮ್ಮ ಮೇಲಿನ ಸಾಲ. ಸಾಲ ತೀರಿಸದೆ ದಾನ ಕೊಡುವವನ ಲೆಕ್ಕವನ್ನು ಫುಕಹಾಗಳು ಹೇಗೆ ನೋಡಿದ್ದಾರೆಂದು ತಮ್ಮ ತಮ್ಮ ಮಸೀದಿಯ ಮೌಲಾನಾರನ್ನು ಕೇಳಿ ನೋಡಿ.

ಆ ವರ್ತಕರ ಮಗನನ್ನು ನಾನು ಕರೆಸಿದೆ. ಎರಡು ಮೂರು ಭಾನುವಾರ ನಾವು ಜೊತೆಯಾಗಿ ಕುಳಿತೆವು. ಅವನು ನನಗೆ 'ಬಂಡವಾಳ'ದಲ್ಲಿ ದುಡಿಮೆಯ ದಿನದ ಕುರಿತ ಅಧ್ಯಾಯವನ್ನು ಓದಿಸಿದನು. ನಾನು ಅವನಿಗೆ ವಿಲ್ಕ್ಸ್‌ನ ಅಡಿಟಿಪ್ಪಣಿಯನ್ನೂ ಅಲ್ಜಿಯರ್ಸ್‌ನ ಪತ್ರವನ್ನೂ ತೋರಿಸಿದೆ. ದೇವರ ವಿಷಯದಲ್ಲಿ ನಮ್ಮ ವಾದ ಇನ್ನೂ ಮುಗಿದಿಲ್ಲ. ಕಳೆದ ವಾರ ತಂದೆ ಸಿಕ್ಕಿದ್ದರು. ಅಂಗಡಿಗಳ ಕಾಯ್ದೆಯಂತೆ ವಾರಕ್ಕೊಂದು ರಜೆ ಕೊಡಬೇಕೆಂಬುದು 1961ರಿಂದಲೂ ಇದೆಯಂತೆ, ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ ಎಂದರು. ಹುಡುಗನಿಗೆ ಶುಕ್ರವಾರ ರಜೆ ಕೊಡಲೇ, ಭಾನುವಾರ ಕೊಡಲೇ ಎಂದು ನನ್ನನ್ನು ಕೇಳಿದರು. ಹುಡುಗನನ್ನೇ ಕೇಳಿ ಎಂದೆ.

ಇಶಾ ಅಝಾನಿನ ಹೊತ್ತಾಯಿತು. ಪ್ರಶ್ನೆಗಳಿದ್ದವರು ನಮಾಝಿನ ಬಳಿಕ ಇಲ್ಲೇ ಇರಿ, ಕುಳಿತು ಮಾತನಾಡೋಣ.